ಚೆಯೆನ್ ಹ್ಯಾರಿ ದ್ರೋಹಿ ಹೌದೋ ಅಲ್ವೋ? 1917ರ ‘ಸ್ಟ್ರೈಟ್ ಶೂಟಿಂಗ್’ ನೋಡಿದವರು ಬನ್ನಿ

ಬೆಂಚ್_ಟಿಕೆಟ್:

ಅಮೆರಿಕದ ನಿರ್ದೇಶಕ ಜಾನ್ ಫೋರ್ಡ್‌ನ ಮೊದಲ ಫೀಚರ್ (ಪೂರ್ಣ ಉದ್ದದ) ಸಿನಿಮಾ ‘ಸ್ಟ್ರೈಟ್ ಶೂಟಿಂಗ್’ ನೋಡಿ ಮುಗಿಸಿದೆ. ಮೂಕಿ ಚಿತ್ರ, ಒಂದು ಗಂಟೆಯ ಆಸುಪಾಸು. 1917ರ ಆಗಸ್ಟ್‌ನಲ್ಲಿ ಬಿಡುಗಡೆಯಾದಾಗ ಫೋರ್ಡ್‌ಗೆ 23 ವರ್ಷ. ಪರದೆಯ ಮೇಲೆ ಜಾನ್ ಅಂತ ಇರಲ್ಲ, ಆಗ ಅವನು ಜ್ಯಾಕ್ ಫೋರ್ಡ್.

ನೋಡದವರಿಗೆ ಕಥೆ ಇಷ್ಟು. ಥಂಡರ್ ಫ್ಲಿಂಟ್ ಅಂತ ಒಬ್ಬ ದನದ ಸಾಹುಕಾರ. ಹುಲ್ಲುಗಾವಲೆಲ್ಲ ತನ್ನದೇ ಅಂತ ಕೂತವನು. ಬೇಸಾಯಕ್ಕೆ ಬಂದ ರೈತರನ್ನು ಓಡಿಸಬೇಕು ಅಂತ ನೀರಿಗೆ ಹೋಗುವ ದಾರಿ ಮುಚ್ಚಿಸುತ್ತಾನೆ. ಸ್ವೀಟ್ ವಾಟರ್ ಸಿಮ್ಸ್ ಅನ್ನುವ ಮುದುಕನ ಮಗ ಟೆಡ್ ನೀರು ತರಲು ಹೋದಾಗ ಫ್ಲಿಂಟ್‌ನ ಆಳು ಪ್ಲೇಸರ್ ಫ್ರೀಮಾಂಟ್ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಇತ್ತ ಚೆಯೆನ್ ಹ್ಯಾರಿ, ಪೊಲೀಸರು ಹುಡುಕುತ್ತಿರುವ ಆಸಾಮಿ. ಅವನನ್ನೂ ಫ್ಲಿಂಟೇ ಈ ಕೆಲಸಕ್ಕೆ ಕರೆಸಿರುತ್ತಾನೆ. ಬಂದವನು ಮಗನನ್ನು ಮಣ್ಣು ಮಾಡುತ್ತಿರುವ ಆ ಸಂಸಾರವನ್ನು ನೋಡುತ್ತಾನೆ. ಅಲ್ಲಿಗೆ ಮುಗೀತು, ಪಕ್ಷ ಬದಲು.

ನನ್ನ ತಕರಾರು ಇಲ್ಲೇ. ಕೆಲಸ ಒಪ್ಪಿಕೊಂಡು ಬಂದವನು, ಸಾಹುಕಾರನ ಜನರ ಜೊತೆ ಕೂತು ಕುಡಿದವನು, ಒಂದು ಗೋರಿ ನೋಡಿದ ತಕ್ಷಣ ಈಚೆ ದಾಟಿಬಿಟ್ಟರೆ ಅದನ್ನು ನಾವು ಏನಂತ ಕರೀಬೇಕು? ಫ್ಲಿಂಟ್ ಕೆಟ್ಟವನು, ಒಪ್ಪಿದೆ. ಆದರೆ ಹ್ಯಾರಿ ಮಾಡಿದ್ದು ಉಂಡ ಮನೆ ಜಂತೆ ಎಣಿಸೋ ಕೆಲಸ. ಸಿನಿಮಾ ಅದಕ್ಕೆ ಅವನಿಂದ ಒಂದು ಪೈಸೆ ದಂಡ ಕಟ್ಟಿಸಿಕೊಳ್ಳಲ್ಲ. ಬೇಕಿದ್ದರೆ ಬೈಯಿರಿ, ಆದರೆ ಸಿನಿಮಾ ನೋಡಿ ಬೈಯಿರಿ.

ರೀಲುಗಾರ:

ಬೈಯಲ್ಲ, ಆದರೆ ಒಪ್ಪಲ್ಲ. ‘ಒಂದು ಗೋರಿ ನೋಡಿದ ತಕ್ಷಣ’ ಅಂತ ಸುಲಭವಾಗಿ ಬರೆದುಬಿಟ್ಟಿರಿ. ಚೆಯೆನ್ ಹ್ಯಾರಿಯ ಪಾತ್ರ ಮಾಡಿದ ನಟ ಹ್ಯಾರಿ ಕ್ಯಾರಿ ಆ ಜಾಗದಲ್ಲಿ ಏನು ಮಾಡಿದ್ದಾನೆ ಅಂತ ಇನ್ನೊಂದು ಸಲ ನೋಡಿ. ಎದೆ ಬಡಿದುಕೊಳ್ಳಲ್ಲ, ಕೈ ಮೇಲೆತ್ತಲ್ಲ, ಆ ಕಾಲದ ಎಷ್ಟೋ ಮೂಕಿ ನಟರು ಮಾಡುತ್ತಿದ್ದ ಕಸರತ್ತು ಯಾವುದೂ ಇಲ್ಲ. ಸುಮ್ನೆ ನಿಲ್ಲುತ್ತಾನೆ. ಮುಖ ನಿಧಾನಕ್ಕೆ ಇಳಿಯುತ್ತದೆ. ತಾನು ಯಾವ ಕೆಲಸಕ್ಕೆ ಬಂದಿದ್ದೇನೆ ಅಂತ ಅವನಿಗೆ ಅಲ್ಲೇ ಗೊತ್ತಾಗುತ್ತಿದೆ, ನಮಗೂ ಅವನ ಜೊತೆಗೇ ಗೊತ್ತಾಗುತ್ತದೆ.

ಕ್ಯಾರಿಗೆ ಆಗ 39ರ ಹತ್ತಿರ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಹುಟ್ಟಿದವನು, ಕೌಬಾಯ್ ಮನೆತನವೇನಲ್ಲ. ಆದರೂ ಆ ಕಾಲದ ಕೌಬಾಯ್ ನಟ ಟಾಮ್ ಮಿಕ್ಸ್ ತರಹ ಮಿರಮಿರ ಮಿಂಚುವ ಬಟ್ಟೆ ಹಾಕಲಿಲ್ಲ. ಮಾಸಿದ ಅಂಗಿ, ಸುಕ್ಕು ಬಿದ್ದ ಮುಖ. ಹೀರೋ ಅಂತ ಹೇಳಿದರೆ ನಂಬುವುದೇ ಕಷ್ಟ. ಫೋರ್ಡ್‌ಗೆ ಬೇಕಾಗಿದ್ದೂ ಅದೇ.

ತುಂಗಾ_ತೀರ:

ಹ್ಯಾರಿ ಸಿನಿಮಾದೊಳಗೆ ಬರುವ ರೀತಿ ಯಾರೂ ಹೇಳಲಿಲ್ಲವಲ್ಲ! ಮರಕ್ಕೆ ಹೊಡೆದ ‘ಹಿಡಿದುಕೊಟ್ಟವರಿಗೆ ಬಹುಮಾನ’ ಕಾಗದ, ಅದೇ ಮರದ ಪೊಟರೆಯೊಳಗಿಂದ ಆಸಾಮಿ ಎದ್ದು ಬರುತ್ತಾನೆ. ಥಿಯೇಟರ್‌ನಲ್ಲಿ ನೋಡಿದ್ದರೆ ಶಿಳ್ಳೆ ಹೊಡೀತಿದ್ದೆ.

ಅಡಿಕೆ_ತೋಟ:

ನಾನು ಸಿನಿಮಾ ಪಂಡಿತ ಅಲ್ಲ. ಆದರೆ ನೀರಿನ ವಿಷಯ ಬಂದಿದ್ದಕ್ಕೆ ಬರೀತಿದ್ದೇನೆ. ಹ್ಯಾರಿ ದ್ರೋಹಿಯೋ ಅಲ್ಲವೋ ಅಂತ ಕೇಳುವ ಮೊದಲು ಫ್ಲಿಂಟ್‌ಗೆ ಆ ನೀರು ತಡೆಯುವ ಹಕ್ಕು ಎಲ್ಲಿಂದ ಬಂತು ಅಂತ ಕೇಳಬೇಕಲ್ವಾ?

ಅಮೆರಿಕದ ಪಶ್ಚಿಮದಲ್ಲಿ ಜಾಸ್ತಿ ಭೂಮಿ ಸರ್ಕಾರದ್ದೇ ಆಗಿತ್ತು. ದನದ ಸಾಹುಕಾರರು ಅಲ್ಲಿ ಬಿಟ್ಟಿ ಮೇಯಿಸುತ್ತಿದ್ದರು. 1862ರ ಹೋಮ್‌ಸ್ಟೆಡ್ ಕಾಯ್ದೆ ಬಂದ ಮೇಲೆ ಯಾರು ಬೇಕಾದರೂ 160 ಎಕರೆ ಹಿಡಿದು, 5 ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಜಮೀನು ಅವರ ಹೆಸರಿಗೆ. ಕೇಳೋಕೆ ಬಹಳ ಚೆನ್ನಾಗಿದೆ. ಮಳೆ ಕಮ್ಮಿ ಇರುವ ಆ ಕಡೆ ನೀರಿಲ್ಲದ 160 ಎಕರೆ ಇಟ್ಟುಕೊಂಡು ಏನು ಮಾಡೋದು? ಹೊಳೆ ದಂಡೆಯ ಒಂದು ತುಂಡು ಯಾರ ಕೈಲಿದೆಯೋ, ಅದರ ಹಿಂದಿನ ಮೈಲಿಗಟ್ಟಲೆ ಹುಲ್ಲು ಅವನದ್ದೇ ಇದ್ದ ಹಾಗೆ. ಕಾಗದದಲ್ಲಿ ಇರಲಿ ಬಿಡಲಿ. ಅದಕ್ಕೇ ಈ ಸಿನಿಮಾದಲ್ಲಿ ಮನೆ ಸುಡೋದು, ಬೆಳೆ ಮೇಯಿಸೋದು ಬಿಟ್ಟು ಮೊದಲು ನೀರಿಗೆ ಕೈ ಹಾಕಿದ್ದು. ಬೇಸಾಯ ಮಾಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯ ಕೊನೆಯಲ್ಲಿ ಗದ್ದೆ ಇರುವವನನ್ನು ಕೇಳಿ, ಮೇಲಿನವನು ತೂಬು ಮುಚ್ಚಿದರೆ ಏನಾಗುತ್ತೆ ಅಂತ.

ಬೆಂಚ್_ಟಿಕೆಟ್:

@ಅಡಿಕೆ_ತೋಟ ಸರ್, ಫ್ಲಿಂಟ್ ಮಾಡಿದ್ದು ಸರಿ ಅಂತ ನಾನೆಲ್ಲೂ ಹೇಳಿಲ್ಲ. ನನ್ನ ಪ್ರಶ್ನೆ ಹ್ಯಾರಿಯದ್ದು ಮಾತ್ರ. ಕೆಟ್ಟವನ ಜೊತೆ ಒಪ್ಪಂದ ಮಾಡಿಕೊಂಡರೂ ಒಪ್ಪಂದ ಒಪ್ಪಂದವೇ ಅಲ್ವಾ?

ಲೆಕ್ಕಿಗ:

ಹಾಗಾದರೆ ಸುಪಾರಿ ತಗೊಂಡವನು ಕೊಲೆ ಮಾಡದೆ ಬಿಟ್ಟರೆ ಅವನ ಮೇಲೆ ಕರಾರು ಮುರಿದ ಕೇಸು ಹಾಕ್ತೀರಾ ಗುರು?

ನಾಟಕಪ್ರಿಯೆ:

😂 ಲೆಕ್ಕಿಗರು ಒಂದೇ ಸಾಲಲ್ಲಿ ಚರ್ಚೆ ಮುಗಿಸಿಬಿಟ್ಟರು.

ಆದರೂ ಬೆಂಚ್ ಅವರ ಮಾತಲ್ಲಿ ಒಂದು ಹುರುಳಿದೆ. ನಮ್ಮಲ್ಲಿ ಕರ್ಣನನ್ನು ಇವತ್ತಿಗೂ ಯಾಕೆ ಇಷ್ಟಪಡುತ್ತೇವೆ? ಪಕ್ಷ ತಪ್ಪು ಅಂತ ಗೊತ್ತಿದ್ದೂ ಅನ್ನದ ಋಣಕ್ಕೆ ನಿಂತನಲ್ಲ, ಅದಕ್ಕೆ. ವಿಭೀಷಣ ನ್ಯಾಯದ ಕಡೆ ಹೋದ, ಆದರೂ ಮಗುವಿಗೆ ಯಾರೂ ಆ ಹೆಸರಿಡಲ್ಲ. ಹ್ಯಾರಿಯನ್ನು ನೋಡಿ ನಮ್ಮವರಿಗೆ ಸ್ವಲ್ಪ ಇರುಸುಮುರುಸಾದರೆ ಅದು ಆ ಕಡೆಯಿಂದ ಬಂದಿದ್ದು.

ಲೆಕ್ಕಿಗ:

ಮೇಡಂ, ಕ್ಯಾಲಿಫೋರ್ನಿಯಾದ ಕುದುರೆ ಸಿನಿಮಾಕ್ಕೂ ಮಹಾಭಾರತ ತರಬೇಕಾ?

ನಾಟಕಪ್ರಿಯೆ:

ತಂದಾಯ್ತಲ್ಲ, ಈಗ ವಾಪಸ್ ಕಳಿಸೋಕಾಗಲ್ಲ. ಮುಂದೆ ಹೋಗೋಣ.

ಈ ಸಿನಿಮಾದಲ್ಲಿ ಪಕ್ಷ ಬದಲಿಸುವವನು ಹ್ಯಾರಿ ಒಬ್ಬನೇ ಅಲ್ಲ. ಡ್ಯಾನಿ ಮಾರ್ಗನ್ ಇದ್ದಾನಲ್ಲ, ಹೂಟ್ ಗಿಬ್ಸನ್ ಮಾಡಿದ ಪಾತ್ರ. ಅವನೂ ಫ್ಲಿಂಟ್‌ನ ಆಳೇ. ಆದರೆ ಸಿಮ್ಸ್ ಮಗಳು ಜೋನ್ ಮೇಲೆ ಮನಸ್ಸು, ಹಾಗಾಗಿ ರೈತರ ಕಡೆ. ಅವನ ಬಗ್ಗೆ ಯಾರೂ ದ್ರೋಹಿ ಅನ್ನಲ್ಲ, ಪ್ರೀತಿ ಅಂದರೆ ಎಲ್ಲ ಮಾಫಿ! ಹ್ಯಾರಿ ಬದಲಾಗೋದು ಯಾರದೋ ಸತ್ತ ಮಗನಿಗಾಗಿ. ಹಾಗೆ ನೋಡಿದರೆ ಅವನಿಗೆ ಕಾರಣ ಕಮ್ಮಿ, ಧೈರ್ಯ ಜಾಸ್ತಿ.

ಜೋನ್ ಬಗ್ಗೆ ಇಲ್ಲಿ ಒಬ್ಬರೂ ಮಾತಾಡಿಲ್ಲ, ಗಂಡಸರೇ ತುಂಬಿದ ಚರ್ಚೆ ನೋಡಿ. ಅಣ್ಣ ಸತ್ತ ಮೇಲೆ ಅವಳು ಅವನ ಊಟದ ತಟ್ಟೆ ಎತ್ತಿಕೊಳ್ಳುವ ದೃಶ್ಯ ಇದೆ. ದಿನಾ ಮೇಜಿನ ಮೇಲೆ ಇಡುತ್ತಿದ್ದ ತಟ್ಟೆ, ಇನ್ನು ಇಡುವ ಹಾಗಿಲ್ಲ. ಜೋನ್ ಪಾತ್ರದ ಮಾಲಿ ಮಲೋನ್ ಆ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡಿರುವುದು ಸ್ವಲ್ಪವೇ ಹೊತ್ತು. ನನಗೆ ಇಡೀ ಸಿನಿಮಾದ ಬಂದೂಕು, ಕುದುರೆ ಎಲ್ಲಕ್ಕಿಂತ ಅದೇ ಉಳಿದಿದ್ದು. 23ರ ಹುಡುಗನಿಗೆ ಇದು ಹೊಳೆಯಿತಲ್ಲ!

ರೀಲುಗಾರ:

ತಟ್ಟೆಯ ದೃಶ್ಯ ನೆನಪಿಸಿದ್ದಕ್ಕೆ ಥ್ಯಾಂಕ್ಸ್ ಮೇಡಂ.

ಬಂದೂಕಿನ ಕಾಳಗದ ಬಗ್ಗೆ ಒಂದು ಮಾತು. ಹ್ಯಾರಿ ಮತ್ತು ಫ್ರೀಮಾಂಟ್ ಊರ ಬೀದಿಯಲ್ಲಿ ಎದುರಾಗುತ್ತಾರೆ. ಸೊಂಟದ ಪಿಸ್ತೂಲು ಯಾರು ಮೊದಲು ಎಳೀತಾರೆ ಅನ್ನುವ ಆಟ ಅಲ್ಲ ಇದು. ಇಬ್ಬರ ಕೈಯಲ್ಲೂ ರೈಫಲ್. ಹತ್ತಿರ ಬರುತ್ತಾ ಬರುತ್ತಾ ಕ್ಯಾಮೆರಾ ಹ್ಯಾರಿಯ ಮುಖಕ್ಕೆ, ಕಣ್ಣಿಗೆ ಅಂಟಿಕೊಳ್ಳುತ್ತದೆ. ಈ ತರಹದ ಕ್ಲೋಸಪ್ಪನ್ನು ಜನ ಇಟಲಿಯ ನಿರ್ದೇಶಕ ಸೆರ್ಜಿಯೋ ಲಿಯೋನೆ ಹೆಸರಿಗೆ ಬರೆದುಬಿಟ್ಟಿದ್ದಾರೆ. ಅವನು ವೆಸ್ಟರ್ನ್ (ಕೌಬಾಯ್ ಸಿನಿಮಾ) ತೆಗೆದಿದ್ದು 1960ರ ದಶಕದಲ್ಲಿ. ಇದು 1917.

ಇನ್ನೊಂದು. ಅವರಿಬ್ಬರೂ ಮೊದಲು ಒಂದೇ ಬಾರಿನಲ್ಲಿ ಒಟ್ಟಿಗೆ ಗ್ಲಾಸ್ ಎತ್ತಿದವರು. @ಬೆಂಚ್_ಟಿಕೆಟ್ ನೀವು ದಂಡ ಎಲ್ಲಿ ಅಂತ ಕೇಳಿದಿರಿ. ಹಳೇ ಜೊತೆಗಾರನನ್ನು ನಡುಬೀದಿಯಲ್ಲಿ ಕೊಲ್ಲಬೇಕಾಗಿ ಬಂದಿದ್ದು ದಂಡ ಅಲ್ವಾ?

ಬೆಂಚ್_ಟಿಕೆಟ್:

ಅದು ದಂಡ ಆಗಬೇಕಿದ್ದರೆ ಕೊಂದಮೇಲೆ ಅವನಿಗೆ ಏನಾದರೂ ಅನ್ನಿಸಬೇಕು. ಫ್ರೀಮಾಂಟ್ ಬಿದ್ದ ಮೇಲೆ ಸಿನಿಮಾ ಅವನ ಕಡೆ ತಿರುಗಿಯೂ ನೋಡಲ್ಲ. ಅವನು ಮೊದಲಿಂದಲೂ ಖಳ. ಟೆಡ್‌ನನ್ನು ಕೊಂದಿದ್ದು ಅವನೇ, ಹಾಗಾಗಿ ನಮ್ಮ ಲೆಕ್ಕದಲ್ಲಿ ಸರಿಹೋಯಿತು. ಅಲ್ಲೇ ನನಗೆ ಫೋರ್ಡ್ ಸ್ವಲ್ಪ ಸಲೀಸು ದಾರಿ ಹಿಡಿದ ಅನ್ನಿಸುತ್ತೆ. ಟೆಡ್‌ನನ್ನು ಕೊಂದವನು ಬೇರೆ ಯಾರೋ ಆಗಿದ್ದು, ಫ್ರೀಮಾಂಟ್ ಬರೀ ಹ್ಯಾರಿಯ ಸ್ನೇಹಿತ ಆಗಿದ್ದಿದ್ದರೆ ಆಗ ನೋಡಬೇಕಿತ್ತು ಮಜಾ.

ತುಂಗಾ_ತೀರ:

ಇದು ಮಾತ್ರ ಒಳ್ಳೇ ಪಾಯಿಂಟ್.

ಹಳೇ_ನಕ್ಷೆ:

ಚರ್ಚೆ ಚೆನ್ನಾಗಿದೆ. ಇತಿಹಾಸದ ಕಡೆಯಿಂದ ಸ್ವಲ್ಪ ಸೇರಿಸ್ತೀನಿ, ಉದ್ದ ಆದರೆ ಕ್ಷಮಿಸಿ.

ಸಾಹುಕಾರರು ಹೊರಗಿಂದ ಬಂದೂಕುಗಾರರನ್ನು ಕರೆಸೋದು ಕಟ್ಟುಕಥೆ ಏನಲ್ಲ. 1892ರ ಏಪ್ರಿಲ್‌ನಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ಜಾನ್ಸನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ತರಹ) ನಡೆದಿದ್ದು ಅದೇ. ವಯೋಮಿಂಗ್ ಸ್ಟಾಕ್ ಗ್ರೋವರ್ಸ್ ಅಸೋಸಿಯೇಷನ್ ಅಂತ ದನದ ದೊಡ್ಡ ಕುಳಗಳ ಸಂಘ. ಸಣ್ಣ ಹಿಡುವಳಿದಾರರೆಲ್ಲ ದನಗಳ್ಳರು ಅಂತ ಆರೋಪ ಹೊರಿಸಿ, ಆ ಸಂಘದ ಕೆಲವರು ಟೆಕ್ಸಾಸ್‌ನಿಂದ ಬಂದೂಕುಗಾರರನ್ನು ತರಿಸಿದರು. ಚೆಯೆನ್ ಊರಿಂದ ಸ್ಪೆಷಲ್ ರೈಲು, ಅದರಲ್ಲಿ ಸುಮಾರು 50 ಜನ, ಜೊತೆಗೆ ಕೊಲ್ಲಬೇಕಾದವರ ಪಟ್ಟಿ. ಮೊದಲು ಸಿಕ್ಕಿದ್ದು ಕೆ.ಸಿ. ರಾಂಚ್ ಅನ್ನುವ ದನದ ಫಾರ್ಮಿನಲ್ಲಿದ್ದ ನೇಟ್ ಚಾಂಪಿಯನ್ ಮತ್ತು ನಿಕ್ ರೇ. ಸಣ್ಣ ಮರದ ಮನೆ, ಸುತ್ತ ಬಂದೂಕು. ರೇ ಗುಂಡೇಟು ತಿಂದು ಸತ್ತ. ಚಾಂಪಿಯನ್ ಗಂಟೆಗಟ್ಟಲೆ ಒಬ್ಬನೇ ತಡೆದುಕೊಂಡ, ಮಧ್ಯೆ ಮಧ್ಯೆ ಒಂದು ಸಣ್ಣ ಪುಸ್ತಕದಲ್ಲಿ ಏನಾಗುತ್ತಿದೆ ಅಂತ ಬರೆದುಕೊಳ್ಳುತ್ತಾ! ಕೊನೆಗೆ ಮನೆಗೆ ಬೆಂಕಿ ಹಚ್ಚಿದರು, ಹೊರಗೆ ಓಡಿದವನನ್ನು ಹೊಡೆದುರುಳಿಸಿದರು.

ಸುದ್ದಿ ಹಬ್ಬಿ ಊರವರೆಲ್ಲ ಬಂದೂಕು ಹಿಡಿದು ಬಂದರು. ಬೇಟೆಗೆ ಬಂದವರೇ ಟಿ.ಎ. ರಾಂಚ್‌ನಲ್ಲಿ ಸಿಕ್ಕಿಹಾಕಿಕೊಂಡರು. ಆಗ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸೈನ್ಯ ಕಳಿಸಿ ಬಿಡಿಸಿದ. ಯಾರನ್ನು? ಸಾಹುಕಾರರ ಕಡೆಯವರನ್ನು. ಕೇಸು ನಡೆಸುವ ಖರ್ಚು ಭರಿಸೋಕೆ ಕೌಂಟಿಗೆ ಆಗಲಿಲ್ಲ, ಟೆಕ್ಸಾಸ್‌ನವರು ಜಾಗ ಖಾಲಿ ಮಾಡಿದರು, ಒಬ್ಬನಿಗೂ ಶಿಕ್ಷೆ ಆಗಲಿಲ್ಲ.

ಈ ಸಿನಿಮಾ ಬರುವ ಹೊತ್ತಿಗೆ ಅದಾಗಿ ಬರೀ 25 ವರ್ಷ. ನೋಡುಗರಲ್ಲಿ ಎಷ್ಟೋ ಜನಕ್ಕೆ ಅದು ಪೇಪರಿನಲ್ಲಿ ಓದಿದ ನೆನಪು. ಕಥೆ ಜಾನ್ಸನ್ ಕೌಂಟಿಯದ್ದು ಅಂತ ನಾನು ಹೇಳ್ತಿಲ್ಲ, ಆದರೆ ‘ಸಾಹುಕಾರ, ರೈತ, ಕೂಲಿ ಬಂದೂಕು’ ಅಂದ ಕೂಡಲೇ ಅವರಿಗೆ ಯಾರು ಯಾರು ಅಂತ ಬಿಡಿಸಿ ಹೇಳಬೇಕಿರಲಿಲ್ಲ.

ಅಡಿಕೆ_ತೋಟ:

ಅಬ್ಬಾ. ಸಿನಿಮಾದಲ್ಲಿ ಕೂಲಿಯವನೊಬ್ಬ ಮನಸ್ಸು ಬದಲಾಯಿಸಿದ. ವಯೋಮಿಂಗ್‌ನಲ್ಲಿ ಯಾರಾದರೂ ಬದಲಾಯಿಸಿದರಾ ಅಂತ ಕೇಳಬೇಕು ಅನ್ನಿಸುತ್ತೆ.

ಬೇಲಿಯದ್ದೂ ಒಂದು ದೊಡ್ಡ ಕಥೆ. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ತಗೊಂಡ. ಮರವೇ ಇಲ್ಲದ ಬಯಲಲ್ಲಿ ಬೇಲಿ ಹಾಕೋದು ಸುಲಭವಾಯಿತು. ರೈತ ಬೆಳೆ ಉಳಿಸಿಕೊಳ್ಳೋಕೆ ಹಾಕಿದ. ಸಾಹುಕಾರರು ಸರ್ಕಾರಿ ಭೂಮಿಗೇ ಬೇಲಿ ಸುತ್ತಿದರು, ಅದನ್ನು ತೆಗೆಸೋಕೆ 1885ರಲ್ಲಿ ಬೇರೆ ಕಾನೂನೇ ಬೇಕಾಯಿತು. ಒತ್ತುವರಿ ಅನ್ನೋದು ಎಲ್ಲ ಊರಲ್ಲೂ ಇದ್ದಿದ್ದೇ ಬಿಡಿ.

ಬೆಂಚ್_ಟಿಕೆಟ್:

@ಹಳೇ_ನಕ್ಷೆ ಇದಕ್ಕೇ ಈ ವೇದಿಕೆಗೆ ಬರೋದು. ಆದರೆ ನಿಮ್ಮ ಮಾತು ನನ್ನ ಕಡೆಗೇ ವಾಲುತ್ತೆ ನೋಡಿ. ನಿಜವಾಗಿ ನಡೆದಾಗ ಕೂಲಿ ಬಂದೂಕಿನವರು ದುಡ್ಡಿನ ಕಡೆ ಇದ್ದರು. ಸಿನಿಮಾ ಅವರಲ್ಲೊಬ್ಬನನ್ನು ಎತ್ತಿಕೊಂಡು ಒಳ್ಳೆಯವನಾಗಿ ಮಾಡಿ ಜನಕ್ಕೆ ಸಮಾಧಾನ ಹೇಳಿತು. ರೈತರನ್ನು ಉಳಿಸೋದು ಯಾರು? ಷೆರಿಫ್ (ಅಲ್ಲಿನ ಪೊಲೀಸ್ ಅಧಿಕಾರಿ) ಅಲ್ಲ, ಕೋರ್ಟ್ ಅಲ್ಲ. ಹ್ಯಾರಿ ಹೋಗಿ ಕರೆತರುವ ಬ್ಲ್ಯಾಕ್ ಐಡ್ ಪೀಟ್‌ನ ದರೋಡೆಕೋರರ ಗ್ಯಾಂಗು! ಕಾನೂನು ಎಲ್ಲಿತ್ತು ಸ್ವಾಮಿ?

ಹಳೇ_ನಕ್ಷೆ:

ನನಗೆ ಅದೇ ಈ ಸಿನಿಮಾದ ಅತ್ಯಂತ ಪ್ರಾಮಾಣಿಕ ಭಾಗ. ಕಾನೂನು ಇರಲಿಲ್ಲ, ಸಿನಿಮಾದಲ್ಲೂ ಇಲ್ಲ.

ರೀಲುಗಾರ:

ಪೀಟ್‌ನ ಗ್ಯಾಂಗು ಕುದುರೆ ಓಡಿಸಿಕೊಂಡು ಬರುವ ಆ ಕಿರಿದಾದ ಕಣಿವೆ ಬೀಲ್ಸ್ ಕಟ್. ಕ್ಯಾಲಿಫೋರ್ನಿಯಾದ ನ್ಯೂಹಾಲ್ ಹತ್ತಿರ, ಬಂಡಿ ದಾಟಲಿ ಅಂತ ಗುಡ್ಡವನ್ನು ಸೀಳಿದ ಜಾಗ. ಎರಡೂ ಕಡೆ ಎತ್ತರದ ಗೋಡೆ, ನಡುವೆ ಒಂದು ಬಿರುಕು. ಫೋರ್ಡ್ ಅದನ್ನು ‘ಸ್ಟೇಜ್‌ಕೋಚ್’ನಲ್ಲೂ ಬಳಸಿದ, ಅದು 1939. ಸವಾರರು ಸಾಲಾಗಿ ಆ ಸಂದಿಯಿಂದ ಧೂಳೆಬ್ಬಿಸಿಕೊಂಡು ಹೊರಗೆ ಚೆಲ್ಲುವ ಶಾಟ್ ನೋಡಿದರೆ ಇವನು ಮುಂದೆ ಏನಾಗ್ತಾನೆ ಅಂತ ಆಗಲೇ ಗೊತ್ತಾಗುತ್ತೆ.

ಕೊನೆಯ ಗಳಿಗೆಯಲ್ಲಿ ರಕ್ಷಣೆಗೆ ಕುದುರೆ ಓಡಿಬರೋದನ್ನು ಫೋರ್ಡ್ ನಿರ್ದೇಶಕ ಡಿ.ಡಬ್ಲ್ಯೂ. ಗ್ರಿಫಿತ್‌ನಿಂದ ಕಲಿತಿದ್ದು. ಗ್ರಿಫಿತ್‌ನ 1915ರ ‘ದಿ ಬರ್ತ್ ಆಫ್ ಎ ನೇಷನ್’ನಲ್ಲಿ ತಾನು ಕ್ಲಾನ್ (ಕರಿಯರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್) ಸವಾರನಾಗಿ ಕುದುರೆ ಏರಿದ್ದೆ ಅಂತ ಫೋರ್ಡ್ ಹೇಳಿಕೊಳ್ಳುತ್ತಿದ್ದ. ಅಲ್ಲಿ ಆ ಓಟ ಕರಿಯರ ವಿರುದ್ಧದ ವಿಷ. ಇಲ್ಲಿ ಅದೇ ಓಟ ಭೂಮಿ ಕಳಕೊಳ್ಳುತ್ತಿರುವ ರೈತರ ಕಡೆಗೆ. ತಂತ್ರ ಒಂದೇ, ಯಾರಿಗಾಗಿ ಓಡಿಸ್ತೀರಿ ಅನ್ನೋದು ಬೇರೆ.

ಲೆಕ್ಕಿಗ:

ಐದು ರೀಲಿನ ಕಥೆ ಯಾರಾದರೂ ಹೇಳಿ, ನನಗೆ ಅದು ಬಹಳ ಇಷ್ಟ.

ರೀಲುಗಾರ:

ಹೇಳ್ತೀನಿ. ಎಷ್ಟು ನಿಜ, ಎಷ್ಟು ಒಗ್ಗರಣೆ ಅಂತ ಕೇಳಬೇಡಿ, ಫೋರ್ಡ್ ಬಳಗದ ಕಥೆಗಳೆಲ್ಲ ಹಾಗೇ. ಯೂನಿವರ್ಸಲ್ ಕಂಪನಿ ಕೇಳಿದ್ದು ಎರಡು ರೀಲಿನ ಸಣ್ಣ ಸಿನಿಮಾ. ಫೋರ್ಡ್, ಕ್ಯಾರಿ ಸೇರಿ ತೆಗೀತಾ ತೆಗೀತಾ ಐದು ರೀಲು ಮಾಡಿಬಿಟ್ಟರು. ಫಿಲ್ಮ್ ಸಾಲದೆ ಬಂದಾಗ ಹೊಳೆಗೆ ಬಿದ್ದು ಹಾಳಾಯ್ತು ಅಂತ ಬುರುಡೆ ಬಿಟ್ಟು ಇನ್ನಷ್ಟು ತರಿಸಿಕೊಂಡರಂತೆ. ಆಫೀಸಿನವರು ಕತ್ತರಿಸಿ ಅಂದರು. ಮಾಲೀಕ ಕಾರ್ಲ್ ಲೆಮ್ಲೆ ಮಾತ್ರ, ನಾನು ಒಂದು ಸೂಟ್ ಹೊಲಿಸೋಕೆ ಕೊಟ್ಟು ದರ್ಜಿ ಇನ್ನೊಂದು ಪ್ಯಾಂಟು ಬಿಟ್ಟಿ ಕೊಟ್ಟರೆ ಅವನ ಮುಖಕ್ಕೆ ಎಸೀಲಾ ಅನ್ನೋ ಅರ್ಥದ ಮಾತು ಹೇಳಿ ಉಳಿಸಿದ ಅಂತ ಕಥೆ.

ತುಂಗಾ_ತೀರ:

ಒಳ್ಳೇ ಮಾಲೀಕ. ನಮ್ಮ ಆಫೀಸಿಗೂ ಒಬ್ಬ ಬೇಕಿತ್ತು.

ಸಿನಿಮಾ ಮಧ್ಯೆ ಎಷ್ಟೋ ವರ್ಷ ಕಳೆದೇ ಹೋಗಿತ್ತಂತಲ್ಲ?

ಹಳೇ_ನಕ್ಷೆ:

ಹೌದು. 1966ರಲ್ಲಿ ಪ್ರಾಗ್‌ನ ಜೆಕ್ ಫಿಲ್ಮ್ ಸಂಗ್ರಹದಲ್ಲಿ ಪ್ರಿಂಟು ಸಿಕ್ಕಿತು. ನಮಗೆ ಈಗ ನೋಡಲು ಸಿಗುವ ಚೊಕ್ಕ ಪ್ರತಿ ಯೂನಿವರ್ಸಲ್ 4ಕೆ ರಿಸ್ಟೋರ್ ಮಾಡಿಸಿದ್ದು, 2020ರಲ್ಲಿ ಕೀನೋ ಲಾರ್ಬರ್ ಕಂಪನಿ ಡಿಸ್ಕ್ ಬಿಡುಗಡೆ ಮಾಡಿತು. ವಿಪರ್ಯಾಸ ನೋಡಿ. ತನ್ನ ಬಳಿ ಉಳಿದಿದ್ದ ಮೂಕಿ ಪ್ರಿಂಟುಗಳನ್ನು 1948ರಲ್ಲಿ ನಾಶ ಮಾಡಿಸಿದ್ದೂ ಅದೇ ಯೂನಿವರ್ಸಲ್. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುತ್ತೆ, ಇಟ್ಟುಕೊಳ್ಳೋದು ಅಪಾಯ. ಕರಗಿಸಿದರೆ ಬೆಳ್ಳಿ ಬರುತ್ತೆ. ಮೂಕಿಗೆ ಮಾರ್ಕೆಟ್ ಇಲ್ಲ. ಇನ್ನೇನು ಬೇಕು?

ಫೋರ್ಡ್, ಕ್ಯಾರಿ ಇಬ್ಬರೂ 1917ರಿಂದ 1921ರವರೆಗೆ ಸೇರಿ ಸುಮಾರು 25 ಸಿನಿಮಾ ಮಾಡಿದರು. ಪೂರ್ತಿ ಉಳಿದಿದ್ದು ಬೆರಳೆಣಿಕೆಯಷ್ಟು. ಇದು, ‘ಬಕಿಂಗ್ ಬ್ರಾಡ್‌ವೇ’, ‘ಹೆಲ್ ಬೆಂಟ್’. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಹೊರತಂದ ವರದಿಯ ಪ್ರಕಾರ ಅಲ್ಲಿನ ಸುಮಾರು 11,000 ಮೂಕಿ ಫೀಚರ್‌ಗಳಲ್ಲಿ ಮೂಲ ರೂಪದಲ್ಲಿ ಉಳಿದಿದ್ದು ಶೇ 14.

ನಾಟಕಪ್ರಿಯೆ:

ಅವರಿಗೆ ಪ್ರಾಗ್‌ನಲ್ಲಾದರೂ ಸಿಕ್ಕಿತು. ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’, 1934ರದ್ದು, ಒಂದು ಪ್ರಿಂಟೂ ಉಳಿದಿಲ್ಲ.

ಬೆಂಚ್_ಟಿಕೆಟ್:

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಮೇಡಂ, ಎಲ್ಲರೂ ಬರ್ತೀವಿ. ಇಲ್ಲಿ ಹ್ಯಾರಿಯ ವಿಚಾರ ಇನ್ನೂ ಇತ್ಯರ್ಥ ಆಗಿಲ್ಲ. ಕೊನೆಯಲ್ಲಿ ಮುದುಕ ಸಿಮ್ಸ್ ಅವನನ್ನು ಸತ್ತ ಮಗನ ಜಾಗದಲ್ಲಿ ಇಲ್ಲೇ ಇರು ಅನ್ನುತ್ತಾನೆ. ಅಂದರೆ ದಂಡದ ಮಾತು ಬಿಡಿ, ಬಹುಮಾನ! ಮನೆ, ಜಮೀನು, ಜೋನ್. ಮೊದಲಿಂದ ನಿಯತ್ತಾಗಿ ಪ್ರೀತಿಸಿದ ಡ್ಯಾನಿಗೆ ಏನೂ ಇಲ್ಲ.

ರೀಲುಗಾರ:

ಆದರೆ ಹ್ಯಾರಿ ಹೂಂ ಅನ್ನೋಕೆ ಎಷ್ಟು ಒದ್ದಾಡುತ್ತಾನೆ ನೋಡಿ. ನಾನು, ಬೇಸಾಯ ಮಾಡೋದಾ ಅಂತ. ಕೈ ಹೇಗಿಟ್ಟುಕೊಳ್ಳಬೇಕು ಅಂತಲೂ ಗೊತ್ತಿಲ್ಲದವನ ಹಾಗೆ ಒಂದು ಕೈಯಿಂದ ಇನ್ನೊಂದು ತೋಳು ಹಿಡಿದುಕೊಳ್ಳುತ್ತಾನೆ. ಕ್ಯಾರಿಯ ಆ ಭಂಗಿ ಮುಂದೆ ಎಲ್ಲಿ ಬಂತು ಗೊತ್ತಲ್ವಾ? ಫೋರ್ಡ್‌ನದೇ 1956ರ ‘ದಿ ಸರ್ಚರ್ಸ್’ ಕೊನೆಯ ಶಾಟ್. ಎಲ್ಲರೂ ಮನೆಯೊಳಗೆ ಹೋಗುತ್ತಾರೆ, ನಾಯಕ ನಟ ಜಾನ್ ವೇಯ್ನ್ ಬಾಗಿಲಾಚೆ ನಿಂತು ಎಡಗೈಯಿಂದ ಬಲತೋಳು ಹಿಡಿದುಕೊಂಡು ವಾಪಸ್ ತಿರುಗುತ್ತಾನೆ. ಕ್ಯಾರಿ ತೀರಿಕೊಂಡಿದ್ದು 1947ರಲ್ಲಿ. ಆ ಮನೆಯೊಳಗೆ ಹೋದವರಲ್ಲಿ ಅವನ ಹೆಂಡತಿ ಆಲಿವ್ ಕ್ಯಾರಿಯೂ ಇದ್ದಾಳೆ.

ನೀವು ಕೇಳಿದ ದಂಡವನ್ನು ಫೋರ್ಡ್ 1917ರಲ್ಲಿ ಕಟ್ಟಿಸಿಕೊಳ್ಳಲಿಲ್ಲ, ಅದು ಸರಿ. ಸುಮಾರು 40 ವರ್ಷ ಬಿಟ್ಟು ಬೇರೊಬ್ಬ ನಟನ ಕೈಲಿ ಕಟ್ಟಿಸಿದ. ಆ ಬಂದೂಕಿನವನಿಗೆ ಮನೆ ಸಿಗಲಿಲ್ಲ.

ಬೆಂಚ್_ಟಿಕೆಟ್:

ಇದಕ್ಕೆ ಉತ್ತರ ಹುಡುಕೋಕೆ ‘ದಿ ಸರ್ಚರ್ಸ್’ ಮತ್ತೆ ನೋಡಬೇಕು. ಆದರೆ ಬೇರೆ ಸಿನಿಮಾದ ರಸೀದಿ ತಂದು ಈ ಸಿನಿಮಾದ ಸಾಲ ತೀರಿಸೋದು ನ್ಯಾಯ ಅಲ್ಲ ಸರ್.

ಲೆಕ್ಕಿಗ:

ಬಡ್ಡಿ ಸೇರಿಸಿ ಕೊಟ್ಟಿದ್ದಾರೆ, ತಗೊಳ್ಳಿ.

ಅಡಿಕೆ_ತೋಟ:

ನನಗೆ ಇನ್ನೂ ಒಂದೇ ಡೌಟು. ಫ್ಲಿಂಟ್ ಸೋತ ಮೇಲೆ ಆ ನೀರು ಹೇಗೆ ಹಂಚಿಕೊಂಡರು? ರೈತರು ರೈತರ ಮಧ್ಯೆ ಜಗಳ ಶುರುವಾಗೋದು ಆಮೇಲೇ ಅಲ್ವಾ. ಅದರ ಮೇಲೆ ಯಾವುದಾದರೂ ವೆಸ್ಟರ್ನ್ ಇದ್ದರೆ ಹೆಸರು ಹೇಳಿ, ಭಾನುವಾರ ಬಿಡುವಿದೆ.